ಊರಿಗೆ ವಿಮಾನ ಬರುವ ಬಗೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ವಿಮಾನದ ವಿಷಯ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಬಹುದು. ವಿಮಾನ ಹಾರಿಸುವ ವಿದ್ಯೆ ನಮಗೆ ತಿಳಿಯದು. ಆದರೆ ಅದು ಒಂದು ಊರಿಗೆ ಬರುವುದೂ ಆ ಊರನ್ನು ಬಿಡುವುದೂ ಲೆಕ್ಕದ ಮೇಲೆಯೇ ಎಂಬುದು ನಮಗೆ ಮನದಟ್ಟಾಗಿದೆ. ಮುಂಬಯಿಯಲ್ಲಿ ನೆಲಸಿ, ತಾಯಿತಂದೆಗಳನ್ನು ಬೆಳಗಾವಿಯಲ್ಲಿ ಬಿಟ್ಟುಬಂದ ನಮ್ಮಂಥವರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ನಡುರಾತ್ರಿ ಊರಿನಿಂದ ಫೋನು ಬಂದಾಗ, ನಮ್ಮ ಮುಂದಿರುವುದು ಒಂದು ತಾಸಿನ ಹಾರಾಟವೋ ಇಡೀ ರಾತ್ರಿಯ ಬಸ್ಸಿನ ದಾರಿಯೋ ಎಂಬುದು ಬಹಳ ದೊಡ್ಡ ಮಾತು.

ಬೆಳಗಾವಿಯ ಸಾಂಬ್ರಾ ನಿಲ್ದಾಣದ ಕಥೆಯನ್ನೇ ನೋಡೋಣ. 2017ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಕಟ್ಟಡದ ಉದ್ಘಾಟನೆಯಾಯಿತು. ರನ್‌ವೇಯೂ 2,300 ಮೀಟರಿಗೆ ಬೆಳೆದಿತ್ತು. ಇನ್ನು ವಿಮಾನಗಳಿಗೆ ಬರವಿಲ್ಲವೆಂದು ಎಲ್ಲರೂ ಹಿಗ್ಗಿದೆವು. ಆದರೆ 2018ರ ಮೇ ತಿಂಗಳಲ್ಲಿ, ಅಲ್ಲಿಂದ ಹಾರುತ್ತಿದ್ದ ಒಂದು ಕಂಪನಿಯು ತನ್ನ ಬಹುಪಾಲು ಸಂಚಾರವನ್ನು ಹುಬ್ಬಳ್ಳಿಗೆ ಒಯ್ದಿತು. ಕೇಂದ್ರ ಸರಕಾರದ ಉಡಾನ್ ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿಗೆ ಸ್ಥಾನ ದೊರೆತಿತ್ತು, ಬೆಳಗಾವಿಗೆ ದೊರೆತಿರಲಿಲ್ಲ.

ಆಗ ಆ ಯೋಜನೆಯ ಲೆಕ್ಕ ಹೀಗಿತ್ತು. ಕಂಪನಿಯು ಸುಮಾರು ಅರ್ಧದಷ್ಟು ಆಸನಗಳನ್ನು ಗೊತ್ತುಪಡಿಸಿದ ಮಿತಿಯೊಳಗಿನ ದರಕ್ಕೆ ಕೊಡಬೇಕಿತ್ತು. ಅದರಿಂದಾಗುವ ಕೊರತೆಯನ್ನು ಸರಕಾರವು ಮೂರು ವರ್ಷ ತುಂಬಿಕೊಡುತ್ತಿತ್ತು. ನಿಲ್ದಾಣದವರು ಇಳಿಯುವ, ನಿಲ್ಲುವ ಶುಲ್ಕ ಬಿಡುತ್ತಿದ್ದರು. ರಾಜ್ಯ ಸರಕಾರವು ಇಂಧನದ ತೆರಿಗೆ ತಗ್ಗಿಸುತ್ತಿತ್ತು. ಇಷ್ಟು ಅನುಕೂಲ ಒಂದೂರಿನಲ್ಲಿರುವಾಗ ವ್ಯಾಪಾರಿಯು ಪಕ್ಕದೂರಿನಲ್ಲಿ ಏಕೆ ನಿಂತಾನು?

2019ರ ಜನವರಿಯಲ್ಲಿ ಮೂರನೆಯ ಸುತ್ತು ಪ್ರಕಟವಾದಾಗ ಬೆಳಗಾವಿಗೂ ಹಲವು ಮಾರ್ಗಗಳು ದೊರೆತವು. ಸ್ಟಾರ್ ಏರ್ ಕಂಪನಿಯು ಸುಮಾರು 50 ಆಸನಗಳ ವಿಮಾನ ತಂದಿತು. 180 ಆಸನಗಳ ವಿಮಾನ ಅರ್ಧ ಬರಿದಾಗಿ ಹಾರುವ ಮಾರ್ಗದಲ್ಲಿ ಇಂಥ ಚಿಕ್ಕ ವಿಮಾನ ತುಂಬಿ ಹಾರಬಲ್ಲದು. ಮಾರ್ಗಕ್ಕೆ ತಕ್ಕ ವಿಮಾನ ಸಿಕ್ಕುವುದೂ ಒಂದು ಭಾಗ್ಯವೇ.

ಆದರೆ ಸರಕಾರದ ನೆರವು ಬಳ್ಳಿಗೆ ಕೊಟ್ಟ ಆಸರೆಕೋಲು ಮಾತ್ರ. ಆ ಅವಧಿಯಲ್ಲಿ ಬಳ್ಳಿ ಬೇರೂರದಿದ್ದರೆ ಕೋಲು ತೆಗೆದೊಡನೆ ನೆಲಕ್ಕೊರಗುತ್ತದೆ. ಸಾಲ ಕೊಡುವಾಗ ನಮ್ಮ ಬ್ಯಾಂಕು ಗಿರಾಕಿಯ ಮನೆಯ ಅಂದವನ್ನು ನೋಡುವುದಿಲ್ಲ, ತಿಂಗಳ ಆದಾಯವನ್ನು ನೋಡುತ್ತದೆ. ವಿಮಾನ ಕಂಪನಿಯೂ ಹಾಗೆಯೇ. ದೀಪಾವಳಿಯ ನೂಕುನುಗ್ಗಲನ್ನಲ್ಲ, ಆಷಾಢದ ಮಂಗಳವಾರವೂ ಎಷ್ಟು ಜನ ಬರುವರೆಂಬುದನ್ನು ಅದು ಎಣಿಸುತ್ತದೆ. ಮೇಲಾಗಿ ಮುಂಬಯಿಯಂಥ ಗಿಜಿಗುಟ್ಟುವ ನಿಲ್ದಾಣದಲ್ಲಿ ಒಳ್ಳೆಯ ವೇಳೆ ಸಿಕ್ಕುವುದು ಕಷ್ಟ. ಅಲ್ಲಿ ಸಿಕ್ಕ ವೇಳೆಯನ್ನು ತುಂಬುವ ಮಾರ್ಗಕ್ಕೇ ಅದು ಕೊಡುತ್ತದೆ.

ಆದಕಾರಣ, "ನಮ್ಮೂರಿಗೆ ವಿಮಾನ ಬೇಕು" ಎಂದು ಮನವಿ ಬರೆದರೆ ಸಾಲದು. ಎಷ್ಟು ಮನೆಯವರು, ಯಾವ ಊರಿಗೆ, ಯಾವ ತಿಂಗಳು, ವರ್ಷಕ್ಕೆಷ್ಟು ಸಲ ಹೋಗುವರೆಂಬ ಅಂಕಿಗಳನ್ನು ಮುಂದಿಡಬೇಕು. ಊರಿನ ವರ್ತಕರೂ ಕಾಲೇಜಿನವರೂ ತಮ್ಮ ಅಂಕಿಗಳನ್ನು ಕೊಡಲಿ, ನಾವು ನಮ್ಮದನ್ನು ಕೊಡೋಣ. ಬೆಳಗಾವಿಯವರಷ್ಟೇ ಅಲ್ಲ, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರೂ ಬರೆಯಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ರಿಜಿಸ್ಟರು ಇಟ್ಟಿದ್ದೇವೆ. ಮೊದಲ ಸಾಲಿನಲ್ಲಿ ನಮ್ಮ ಮನೆಯ ನಾಲ್ವರ ಲೆಕ್ಕವಿದೆ. ಊಟಕ್ಕೆ ಏಳುವ ಮುನ್ನ ತಾವೂ ಒಂದೊಂದು ಸಾಲು ಬರೆಯಬೇಕೆಂದು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.