ಗಾಳಿಯ ಕ್ಷೋಭೆಯೂ ಲೆಕ್ಕದ ನಿಜವೂ



ಭಾಗ್ಯನಗರದಿಂದ ಮುನಿರಾಬಾದಿಗೆ ಹೋದವರು ತುಂಗಭದ್ರೆಯ ನೀರು ತೂಬಿನಿಂದ ಕಾಲುವೆಗೆ ಧುಮುಕುವದನ್ನು ಕಂಡಿರುವರು. ಅಲ್ಲಿ ಸುಳಿಯೊಳಗೆ ಸುಳಿ ಹುಟ್ಟಿ, ದೊಡ್ಡದು ಒಡೆದು ಚಿಕ್ಕದಾಗಿ, ಕಡೆಗೆ ಅದರ ಶಕ್ತಿಯು ಶಾಖವಾಗಿ ಸವೆದುಹೋಗುವದು. ಇದಕ್ಕೆ ಪ್ರಕ್ಷುಬ್ಧ ಪ್ರವಾಹವೆಂದು ಹೆಸರು. ನೀರು ಎಷ್ಟು ಒತ್ತಿದರೂ ಬಹು ಸ್ವಲ್ಪವೇ ಕುಗ್ಗುವದು. ಗಾಳಿಯಾದರೋ ಒತ್ತಿದಂತೆ ಕುಗ್ಗಿ, ಬಿಟ್ಟಂತೆ ಹಿಗ್ಗುವದು. ಗಾಳಿಯ ವೇಗವು ಶಬ್ದದ ವೇಗವನ್ನು ಸಮೀಪಿಸಿದಾಗ ಈ ಸಂಕೋಚನಗುಣವನ್ನು ಅಲಕ್ಷಿಸಲಾಗದು. ವಿಮಾನಗಳನ್ನು ರಚಿಸುವವರಿಗೆ ಒಂದೊಂದು ಸುಳಿಯನ್ನೂ ಎಣಿಸುವದು ಆಗದ ಮಾತು. ಆದಕಾರಣ ಅವರು ಸರಾಸರಿಯ ಸಮೀಕರಣಗಳನ್ನು ಬರೆದು, ಸುಳಿಗಳ ಪರಿಣಾಮಕ್ಕೆ ಗಣಿತದ ಮಾದರಿಯೊಂದನ್ನು ಕಲ್ಪಿಸಿಕೊಳ್ಳುವರು.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಸತೀಶ ಧವನರು ಅಗ್ರಗಣ್ಯರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು, ದೇಶದಲ್ಲಿಯೇ ಮೊದಲನೆಯದಾದ ಶಬ್ದಾತೀತ ವೇಗದ ವಾಯುಸುರಂಗವನ್ನು ಅಲ್ಲಿ ನಿರ್ಮಿಸಿದರು. ಅವರ ಶಿಷ್ಯರಾದ ರೊದ್ದಂ ನರಸಿಂಹರು ಪಿ. ಆರ್. ವಿಶ್ವನಾಥರೊಡನೆ 1975ರಲ್ಲಿ ಪ್ರಕಟಿಸಿದ ಲೇಖದಲ್ಲಿ, ಶಬ್ದಾತೀತ ಪ್ರವಾಹವು ಹೊರಬಾಗಿದ ಮೂಲೆಯನ್ನು ದಾಟಿ ಒಮ್ಮೆಲೇ ಹಿಗ್ಗುವಾಗ ಗೋಡೆಯ ಬದಿಯ ಕ್ಷೋಭೆಯು ಶಾಂತವಾಗಬಲ್ಲದೆಂದು ತೋರಿಸಿದರು. ಒತ್ತಡದ ಇಳಿತವು ಗೋಡೆಯ ಮೇಲಿನ ಘರ್ಷಣದ ಸುಮಾರು 75 ಪಟ್ಟನ್ನು ಮೀರಿದರೆ ಹೀಗಾಗುವ ಸಂಭವವುಂಟು. ನರಸಿಂಹರ ವಿವರಣೆಯಂತೆ ಇಲ್ಲಿ ಕ್ಷೋಭೆಯು ಸವೆದು ಅಳಿಯುವದಿಲ್ಲ. ಒತ್ತಡದ ಬಲವು ಅದನ್ನು ಮೀರಿ ನಿಲ್ಲುವದು.

ಇಂಥದೇ ವಿವೇಕವು ಇನ್ನೊಂದು ಪ್ರಶ್ನೆಯಲ್ಲಿ ತಡವಾಗಿ ಮೂಡಿತು. ಬೇರೆ ಬೇರೆ ವೇಗದ ಎರಡು ಗಾಳಿಗಳು ಮಗ್ಗುಲಲ್ಲಿ ಹರಿದರೆ ನಡುವೆ ಮಿಶ್ರಣದ ಪದರವೊಂದು ಬೆಳೆಯುವದು. ಶಬ್ದಾತೀತ ವೇಗದಲ್ಲಿ ಈ ಪದರವು ತೆಳ್ಳಗಾಗುವದೇಕೆ? ಸಾಂದ್ರತೆಯ ಭೇದದಿಂದ ಎಂದು ಕೆಲವರು ತಿಳಿದಿದ್ದರು. ಅಮೇರಿಕೆಯಲ್ಲಿ ಬ್ರೌನ್ ಮತ್ತು ರಾಶ್ಕೊ ಎಂಬವರು 1974ರಲ್ಲಿ, ಅದಷ್ಟೇ ಸಾಲದು, ಸಂಕೋಚನಗುಣವೇ ಮುಖ್ಯ ಕಾರಣವೆಂದು ಪ್ರಯೋಗದಿಂದ ಸಾಧಿಸಿದರು. ಆ ಗುಣವು ಕೆಲಸಮಾಡುವ ಬಗೆ ಯಾವುದು? 1990-91ರಲ್ಲಿ ಜೆಮಾನ್ ಒಂದು ಕಡೆಗೆ, ಸುತನು ಸರ್ಕಾರ್ ಮತ್ತು ಸಂಗಡಿಗರು ಇನ್ನೊಂದು ಕಡೆಗೆ, ಗಾಳಿಯ ಕುಗ್ಗು-ಹಿಗ್ಗುಗಳಿಂದ ಕ್ಷೋಭೆಯ ಶಕ್ತಿಯು ಅಧಿಕವಾಗಿ ಸವೆಯುವದೆಂದು ಮಾದರಿಗಳನ್ನು ರಚಿಸಿದರು. ಲೆಕ್ಕವು ಪ್ರಯೋಗಕ್ಕೆ ಹೊಂದಿತು; ಮಾದರಿಗಳು ಬಳಕೆಗೆ ಬಂದವು.

ಆದರೆ 1995ರಲ್ಲಿ ಅದೇ ಸರ್ಕಾರರು, ಮಾದರಿಯ ಹಂಗಿಲ್ಲದೆ ಸುಳಿಗಳನ್ನೆಲ್ಲ ಗಣಕಯಂತ್ರದಲ್ಲಿ ಎಣಿಸಿ ನೋಡಲು, ಆ ಹೆಚ್ಚಿನ ಸವೆತವು ಮುಖ್ಯ ಕಾರಣವಲ್ಲವೆಂದು ಕಂಡುಬಂದಿತು. ಕ್ಷೋಭೆಯ ಉತ್ಪತ್ತಿಯೇ ತಗ್ಗಿದ್ದಿತು. ಮರುವರ್ಷ ವ್ರೆಮನ್, ಸ್ಯಾಂಡಮ್, ಲುವೊ ಎಂಬವರು ಮಿಶ್ರಣಪದರದಲ್ಲಿಯೂ ಇದನ್ನೇ ಕಂಡು, ಒತ್ತಡದ ಏರಿಳಿತಗಳು ಕುಂದುವದೇ ಇದಕ್ಕೆ ಮೂಲವೆಂದರು.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಕಡಿಮೆ ಬಂದಿತೆಂದು ತಿಳಿಯಿರಿ. ದಾರಿಯಲ್ಲಿ ಸೋರಿತೋ, ತೂಬಿನಲ್ಲಿಯೇ ಕಡಿಮೆ ಬಿಟ್ಟರೋ? ಹೊಲದಲ್ಲಿಯ ಅಳತೆಯು ಎರಡಕ್ಕೂ ಒಂದೇ. ತೂಬು ಮುಚ್ಚಿರುವಾಗ ಕಾಲುವೆಗೆ ಗಾರೆ ಮೆತ್ತಿದವನ ಶ್ರಮವು ವ್ಯರ್ಥ. ಹಾಗೆಯೇ, ತಪ್ಪು ಕಾರಣದ ಮೇಲೆ ನಿಂತ ಮಾದರಿಯು ಒಂದು ಪ್ರವಾಹಕ್ಕೆ ಸರಿದೂಗಿದರೂ ಮತ್ತೊಂದರಲ್ಲಿ ವಿಮಾನಕಾರನನ್ನು ಮೋಸಗೊಳಿಸೀತು.

ಉತ್ತರವು ಸರಿಬಂದ ಮಾತ್ರಕ್ಕೆ ಕಾರಣವು ತಿಳಿದಂತಾಗಲಿಲ್ಲ. ಹೊಂದಿದ ಲೆಕ್ಕವನ್ನು, ಅದೂ ತನ್ನದೇ ಲೆಕ್ಕವನ್ನು, ಮರಳಿ ಒರೆಗೆ ಹಚ್ಚಿದ ಧೈರ್ಯದಿಂದಲೇ ಈ ಶಾಸ್ತ್ರವು ಒಂದು ಹೆಜ್ಜೆ ಮುಂದೆ ಬಂದಿತು.