ಉಮ್ಮತ್ತಿಯ ವಿಷವೂ ವೈದ್ಯರ ಮದ್ದೂ

(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಊರುಗಳ ಬೇಲಿಯಂಚಿನಲ್ಲಿ, ಹಾಳುಬಿದ್ದ ಹಿತ್ತಿಲುಗಳಲ್ಲಿ ಉಮ್ಮತ್ತಿಯ ಗಿಡವನ್ನು ಕಾಣದವರಿಲ್ಲ. ಅದರ ಹೂವನ್ನು ನಾವು ಶಿವನಿಗೆ ಏರಿಸುತ್ತೇವೆ. ಅದರ ಮುಳ್ಳುಕಾಯಿಯನ್ನು ಮಾತ್ರ ಮುಟ್ಟಬೇಡಿರೆಂದು ಮಕ್ಕಳನ್ನು ಗದರಿಸುತ್ತೇವೆ. ಗದರಿಕೆಗೆ ಕಾರಣವುಂಟು. ಮೆಣಸಿನ ಬೀಜವನ್ನು ಹೋಲುವ ಅದರ ಬೀಜವನ್ನು ತಿಂದವರ ಬಾಯಿ ಒಣಗುವುದು, ಮೈ ಕಾದು ಕೆಂಪೇರುವುದು, ಕಣ್ಣಿನ ಪಾಪೆ ಹಿಗ್ಗಿ ನೋಟ ಮಂಜಾಗುವುದು, ಬುದ್ಧಿ ಭ್ರಮೆಗೊಳ್ಳುವುದು; ಪ್ರಾಣವೂ ಹೋದೀತು. ಆದರೆ ಇದೇ ಗಿಡದಲ್ಲಿರುವ ಅಟ್ರೋಪೀನ್ ಎಂಬ ದ್ರವ್ಯವು ಇಂದು ಪ್ರಾಣರಕ್ಷಕ ಔಷಧಗಳಲ್ಲೊಂದು. ವಿಷವು ಮದ್ದಾದ ಈ ಬಗೆಯನ್ನು ಕುರಿತು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಹೃದಯ, ಕರುಳು, ಶ್ವಾಸನಾಳಗಳಿಗೆ ನರವು ಹೇಗೆ ಆಜ್ಞೆಯನ್ನು ಮುಟ್ಟಿಸುತ್ತದೆ? ಇದನ್ನು 1921ರಲ್ಲಿ ಆಸ್ಟ್ರಿಯ ದೇಶದ ಗ್ರಾಜ್ ನಗರದಲ್ಲಿ ಒಟ್ಟೋ ಲೋವಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ರಾತ್ರಿ ನಿದ್ದೆಯಲ್ಲಿ ಅವರಿಗೆ ಪ್ರಯೋಗದ ಕ್ರಮ ಹೊಳೆಯಿತಂತೆ. ಎದ್ದು ಗೀಚಿಟ್ಟದ್ದನ್ನು ಬೆಳಗ್ಗೆ ತಾವೇ ಓದಲಾರದೆ ಹೋದರಂತೆ! ಮರುರಾತ್ರಿ ಅದೇ ಮತ್ತೆ ಹೊಳೆಯಲು, ತಡಮಾಡದೆ ಪ್ರಯೋಗಶಾಲೆಗೆ ನಡೆದರು. ಕಪ್ಪೆಯೊಂದರ ಹೃದಯದ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ನರವು ಒಂದು ರಾಸಾಯನಿಕ ದೂತನನ್ನು ಕಳುಹಿಸುತ್ತದೆಂಬುದು ಸಿದ್ಧವಾಯಿತು. ಆ ದೂತನೇ ಅಸಿಟೈಲ್‌ಕೋಲೀನ್. ಲೋವಿಯವರಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈ ದೂತನು ಕೀಲಿಕೈಯಾದರೆ, ಅಂಗಾಂಗಗಳಲ್ಲಿ ಅದಕ್ಕೆ ತಕ್ಕ ಬೀಗಗಳಿವೆ. ಅಣಬೆಯೊಂದರ ಮಸ್ಕರಿನ್ ಎಂಬ ವಿಷಕ್ಕೂ ತೆರೆದುಕೊಳ್ಳುವ ಬೀಗಗಳಿಗೆ ಮಸ್ಕರಿನಿಕ್ ಗ್ರಾಹಕಗಳೆಂದು ಹೆಸರು. ಅಟ್ರೋಪೀನು ಆ ಬೀಗದೊಳಗೆ ಹೊಕ್ಕು ಕೂರುತ್ತದೆ, ಆದರೆ ತಿರುಗುವುದಿಲ್ಲ. ನಿಜವಾದ ಕೀಲಿಗೆ ಎಡೆಗೊಡುವುದೂ ಇಲ್ಲ. ಆದುದರಿಂದ ಜೊಲ್ಲು, ಬೆವರು ಇಂಗುತ್ತವೆ, ಹೃದಯದ ವೇಗ ಹೆಚ್ಚುತ್ತದೆ, ಶ್ವಾಸನಾಳ ಸಡಿಲಗೊಳ್ಳುತ್ತದೆ, ಪಾಪೆ ಹಿಗ್ಗುತ್ತದೆ.

ಈ ಗುಣಗಳೇ ವೈದ್ಯರಿಗೆ ಉಪಕರಣಗಳು. ತೀರ ನಿಧಾನವಾದ ಹೃದಯವನ್ನು ಎಚ್ಚರಿಸಲು, ಕಣ್ಣಿನ ಒಳಭಾಗವನ್ನು ಪರೀಕ್ಷಿಸಲು ಈ ವರ್ಗದ ಮದ್ದುಗಳು ಬೇಕು. ಉಬ್ಬಸಕ್ಕೆ ಇಪ್ರಟ್ರೋಪಿಯಮ್, ಪ್ರಯಾಣದ ವಾಕರಿಕೆಗೆ ಹಯೋಸೀನ್, ಹತೋಟಿ ತಪ್ಪಿದ ಮೂತ್ರಕೋಶಕ್ಕೆ ಆಕ್ಸಿಬ್ಯುಟಿನಿನ್ ಇದರ ಬಂಧುಗಳೇ. ಆದರೆ ವೃದ್ಧರಲ್ಲಿ ಇವು ಮರೆವು, ಮಲಬದ್ಧತೆ, ಮೂತ್ರದ ತಡೆಗಳನ್ನು ತರಬಹುದು. ಕೆಲವು ಬಗೆಯ ಗ್ಲಾಕೋಮ ಉಳ್ಳವರಿಗೆ ಅಪಾಯಕರ. ವೈದ್ಯರ ಮಾತಿಲ್ಲದೆ ಸೇವಿಸತಕ್ಕವಲ್ಲ.

ಪೋಷಕರೇ, ಈಗ ಹೇಳುವುದನ್ನು ವಿಶೇಷವಾಗಿ ಲಾಲಿಸಬೇಕು. ಕೆಲಸ ಮುಗಿಸಿದ ದೂತನನ್ನು ಕೂಡಲೇ ಅಳಿಸಲು ದೇಹದಲ್ಲಿ ಒಂದು ಕಿಣ್ವವಿದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ದೂತರು ರಾಶಿಬೀಳುತ್ತಾರೆ, ಜೊಲ್ಲು ಸುರಿಯುತ್ತದೆ, ಪಾಪೆ ಕುಗ್ಗುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಇಂಥ ವಿಷವು ಆಹಾರಪದಾರ್ಥಕ್ಕೆ ಬೆರೆತು ನೂರಕ್ಕೂ ಹೆಚ್ಚು ಜನರು ಅಸುನೀಗಿದರು. ಅಂಥ ರೋಗಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಮದ್ದುಗಳಲ್ಲಿ ಅಟ್ರೋಪೀನು ಮುಖ್ಯ. ಎದೆಯ ದ್ರವ ಇಂಗುವವರೆಗೆ ಮತ್ತೆ ಮತ್ತೆ ಚುಚ್ಚುತ್ತಾರೆ. ಸ್ನಾಯುಗಳ ಬಲಹೀನತೆಯನ್ನು ಮಾತ್ರ ಅದು ನೀಗಿಸಲಾರದು.

ಆದುದರಿಂದ ಕೀಟನಾಶಕವನ್ನು ಪಾನೀಯದ ಸೀಸೆಗಳಲ್ಲಿ ಇಡಲಾಗದು. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸಾಬೂನು ನೀರಿನಿಂದ ತೊಳೆಯಬೇಕು. ವಿಷ ತಗಲಿದವರನ್ನು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯ ಚೀಟಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ವಿಷಕ್ಕೆ ವಿಷವೇ ಮದ್ದೆಂದು ಮನೆಯಲ್ಲಿ ಉಮ್ಮತ್ತಿಯನ್ನು ಅರೆದು ಕುಡಿಸುವುದು ಸರ್ವಥಾ ಕೂಡದು. ಒಂದು ಕಾಯಿಯಲ್ಲಿ ಎಷ್ಟು ವಿಷವಿದೆಯೆಂದು ಕಣ್ಣಿನಿಂದ ಅಳೆಯಲಾಗದು.

ವಿದ್ಯಾರ್ಥಿಗಳೇ, ವಿಷಕ್ಕೂ ಮದ್ದಿಗೂ ನಡುವೆ ಇರುವುದು ಅಳತೆ. ಅಳತೆಯನ್ನು ಕಲಿಸುವುದು ವಿದ್ಯೆ. ಅದನ್ನು ನಿಮ್ಮ ತಾಯ್ನುಡಿಯಲ್ಲಿಯೇ ಚೆನ್ನಾಗಿ ಕಲಿತು, ಮನೆಯವರಿಗೂ ತಿಳಿಯಹೇಳಿರೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.