ಮರೀಚಿಯ ಪಕ್ಕದ ಸುಳಿ

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ರಾಂಜಣಗಾಂವ ಎಂದರೆ ನಿಮಗೆ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿ ನೆನಪಾಗಬಹುದು. ಅಲ್ಲಿನ ಎಂಐಡಿಸಿಯಲ್ಲಿ ದುಡಿಯುವ ನಮ್ಮವರಿಗೆ ರಾತ್ರಿ ಪಾಳಿ ನೆನಪಾಗಬಹುದು. ಇವತ್ತಿನ ಮಾತು ಆ ಊರಿನ ಮೇಲಿನ ಆಕಾಶದ್ದು.

ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ನಂತರ ತಾರಸಿ ಹತ್ತಿ ಉತ್ತರಕ್ಕೆ ಮುಖ ಮಾಡಿ. ಸಪ್ತರ್ಷಿಗಳ ಸಾಲಿನ ತುದಿಯಲ್ಲಿ ಮರೀಚಿ ಇದ್ದಾನೆ. ಕೈ ಚಾಚಿ ಎರಡು ಬೆರಳು ಹಿಡಿದರೆ ಎಷ್ಟು ಅಗಲವೋ, ಅವನಿಂದ ಅಷ್ಟೇ ದೂರದಲ್ಲಿ ಎಂ 51 ಎಂಬ ಗೆಲಾಕ್ಸಿ ಇದೆ. ಬರಿಗಣ್ಣಿಗೆ ಕಾಣದು. 1773ರಲ್ಲಿ ಮೆಸ್ಸಿಯೇ ಇದನ್ನು ಕಂಡರು; 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ 72 ಅಂಗುಲದ ದೂರದರ್ಶಕದಲ್ಲಿ ನೋಡಿ ಅದರ ಸುರುಳಿಯನ್ನು ಕಾಗದದ ಮೇಲೆ ಬಿಡಿಸಿದರು.

ಈ ಸುರುಳಿ ಒಂಟಿಯಲ್ಲ. ಪಕ್ಕದಲ್ಲೇ ಒಂದು ಚಿಕ್ಕ ಗೆಲಾಕ್ಸಿ ಇದೆ. ಚಂದ್ರ ನಮ್ಮ ಕಡಲನ್ನು ಎಳೆದು ಉಬ್ಬರ ತರುವಂತೆಯೇ ಇವೆರಡೂ ಒಂದನ್ನೊಂದು ಎಳೆದಾಡುತ್ತವೆ. ಇಂಥ ಎಳೆತದಿಂದಲೇ ಬಾಲಗಳೂ ಸೇತುವೆಗಳೂ ಮೂಡಬಲ್ಲವೆಂದು 1972ರಲ್ಲಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ನಕ್ಷತ್ರಗಳು ಡಿಕ್ಕಿ ಹೊಡೆಯುವುದು ತೀರಾ ಅಪರೂಪ, ಅವುಗಳ ನಡುವಿನ ಅಂತರ ಅಷ್ಟು ದೊಡ್ಡದು. ಅನಿಲದ ಮೋಡಗಳು ಮಾತ್ರ ಒತ್ತಿಕೊಂಡು ಹೊಸ ನಕ್ಷತ್ರಗಳನ್ನು ಹೆರುತ್ತವೆ. ಫೋಟೋದಲ್ಲಿ ಕಾಣುವ ಗುಲಾಬಿ ಚುಕ್ಕೆಗಳು ಆ ಹೆರಿಗೆ ಮನೆಗಳೇ.

ಫೋಟೋ ತೆಗೆಯುವುದು ಹೇಗೆ ಅಂತೀರಾ? ದೂರದರ್ಶಕವನ್ನು ಭೂಮಿಯ ಸುತ್ತಾಟಕ್ಕೆ ಸರಿಯಾಗಿ ತಿರುಗಿಸುವ ಮೋಟಾರ್ ಪೀಠ ಬೇಕು. ಅದನ್ನು ಧ್ರುವದ ದಿಕ್ಕಿಗೆ ಹೊಂದಿಸಬೇಕು. ರಾಂಜಣಗಾಂವದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 19 ಡಿಗ್ರಿ ಮೇಲಿರುತ್ತದೆ. ಒಂದೊಂದು ನಿಮಿಷದ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಚಿತ್ರಗಳು ನಾಲ್ಕು ಪಟ್ಟಾದರೆ ಕಾಳುಕಾಳಾದ ಗದ್ದಲ ಅರ್ಧಕ್ಕಿಳಿಯುತ್ತದೆ. ತಾಳ್ಮೆಯೇ ಇಲ್ಲಿ ಬಂಡವಾಳ.

ತಾಳ್ಮೆಗೂ ಮಿತಿಯಿದೆ. ಊರಿನ ದೀಪಗಳು ಆಕಾಶವನ್ನು ಬೆಳಗಿದಷ್ಟೂ ಸುರುಳಿಯ ತೋಳುಗಳು ಕರಗುತ್ತವೆ. ನೀಹಾರಿಕೆಗಳ ಫೋಟೋಗೆ ನೆರವಾಗುವ ಫಿಲ್ಟರುಗಳು ಇಲ್ಲಿ ಅಷ್ಟಾಗಿ ಕೈ ಹಿಡಿಯವು. ಗೆಲಾಕ್ಸಿಯ ಬೆಳಕು ಎಲ್ಲ ಬಣ್ಣಗಳದ್ದೂ ಹೌದು. ಪುಣೆಯ ಅಯುಕಾ ಸಂಸ್ಥೆ 2006ರಲ್ಲಿ ತನ್ನ 2 ಮೀಟರ್ ದೂರದರ್ಶಕವನ್ನು ನಗರದಿಂದ ಸುಮಾರು 80 ಕಿಲೋಮೀಟರ್ ದೂರದ ಗಿರವಲಿಯಲ್ಲಿ ನೆಲೆಗೊಳಿಸಿತು. ನಮ್ಮ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುವ ದೂರದರ್ಶಕ ಇರುವುದಂತೂ ಲಡಾಖಿನ ಹಾನ್ಲೆಯಲ್ಲಿ. ಕತ್ತಲನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕು.

ಹವ್ಯಾಸಿಗಳ ಕೆಲಸವೇನೂ ಕಡಿಮೆಯದಲ್ಲ. ಎಂ 51ರಲ್ಲಿ 2005 ಮತ್ತು 2011ರಲ್ಲಿ ಸಿಡಿದ ನಕ್ಷತ್ರಗಳನ್ನು ಮೊದಲು ಗುರುತಿಸಿದವರಲ್ಲಿ ಹವ್ಯಾಸಿಗಳಿದ್ದರು. ಹಾಗಾಗಿ ಒಂದು ಸಣ್ಣ ಕೋರಿಕೆ: ಮನೆಯ ಹೊರಗಿನ ದೀಪಕ್ಕೆ ಮೇಲೊಂದು ಮರೆ ಕಟ್ಟಿ, ಬೆಳಕು ನೆಲಕ್ಕೆ ಬೀಳಲಿ. ಎರಡೂವರೆ, ಮೂರು ಕೋಟಿ ವರ್ಷ ನಡೆದು ಬಂದ ಬೆಳಕು ಕೊನೆಯ ಗಳಿಗೆಯಲ್ಲಿ ನಮ್ಮ ಬಲ್ಬಿಗೆ ಸೋಲದಿರಲಿ.